ಖಾಲಿ ಕಂಡ ಚಾನೆಲ್ ಖಾಲಿಯಲ್ಲ

ಕೊಲ್ಹಾಪುರದ ಗಣೇಶೋತ್ಸವದಲ್ಲಿ ಅಕ್ಕಪಕ್ಕದ ಎರಡು ಮಂಡಳಗಳ ಕಾರ್ಡ್‌ಲೆಸ್ ಮೈಕುಗಳು ಒಂದೇ ಕಂಪನಾಂಕಕ್ಕೆ ಬಿದ್ದರೆ ಇವರ ಮಾತು ಅವರ ಸ್ಪೀಕರಿನಲ್ಲಿ ಕೇಳಿಸಬಹುದು. ಹಾಗಾಗಿ ಮೈಕ್ ಗರಗರ ಎಂದಾಗಲೆಲ್ಲ ಅನುಮಾನ ಹೊರಗಿನವರ ಮೇಲೇ ಹೋಗುತ್ತದೆ: ಪಕ್ಕದ ಮಂಡಳ, ಮೊಬೈಲ್ ಟವರ್, ಇಚಲಕರಂಜಿಯಾದರೆ ವಿದ್ಯುತ್ ಮಗ್ಗ. ಆದರೆ ಇಷ್ಟೊಂದು ತರಂಗಗಳ ಗದ್ದಲವಿಲ್ಲದ ಗಡಹಿಂಗ್ಲಜದ ಶಾಲೆಯ ಗ್ಯಾದರಿಂಗಿನಲ್ಲೂ ಅದೇ ಸೆಟ್ ಅದೇ ರೀತಿ ಕೈಕೊಡಬಲ್ಲದು. ಮೂರ್ನಾಲ್ಕು ಮೈಕ್ ಕೂಡಿದ ವೇದಿಕೆ ತನ್ನ ಅಡ್ಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೊದಲು ಹುಡುಕಬೇಕಾದದ್ದು ಅಲ್ಲಿಯೇ.

610.0, 610.5, 611.0 ಮೆಗಾಹರ್ಟ್ಸ್‌ಗೆ ಮೂರು ಮೈಕ್ ಹಚ್ಚಿದ್ದಾರೆ ಎನ್ನಿ. ನೋಡಲು ಒಪ್ಪವಾದ ಸಮಾನ ಅಂತರ. ತೊಂದರೆ ಇರುವುದೇ ಆ ಸಮಾನತೆಯಲ್ಲಿ. ಒಂದು ಮೈಕಿನ ತರಂಗ ಹತ್ತಿರದ ಇನ್ನೊಂದು ಮೈಕಿನ ಟ್ರಾನ್ಸ್‌ಮಿಟರಿಗೆ ಹೊಕ್ಕಾಗ, ಅಥವಾ ಎರಡೂ ರಿಸೀವರಿನಲ್ಲಿ ಅತಿ ಜೋರಾಗಿ ಬಂದಿಳಿದಾಗ, ಅವು ಬೆರೆತು ಯಾರೂ ಬಿತ್ತರಿಸದ ಹೊಸ ಕಂಪನಾಂಕಗಳು ಹುಟ್ಟುತ್ತವೆ. ಎರಡನೆಯದರ ದುಪ್ಪಟ್ಟಿನಲ್ಲಿ ಮೊದಲನೆಯದನ್ನು ಕಳೆಯಿರಿ: 1221 ಕಳೆ 610, ಉಳಿದದ್ದು 611. ಮೂರನೆಯ ಮೈಕ್ ಕೂತಿರುವುದೇ ಅಲ್ಲಿ! ಅದನ್ನು 611.3ಕ್ಕೆ ಸರಿಸಿದರೆ ಈ ಬಗೆಯ ಯಾವ ಮಿಶ್ರಣವೂ ಮೂರರಲ್ಲಿ ಒಂದರ ಮೇಲೂ ಬೀಳುವುದಿಲ್ಲ. ಮೂರೂ ಕೂಡಿ ಬೆರೆಯುವುದನ್ನೂ ಸೇರಿಸಿದರೆ ಮೂರು ಮೈಕಿಗೆ ಇಂಥ ಮಿಶ್ರಣಗಳು 9. ಎಂಟು ಮೈಕಿಗೆ 224. ಎಂಟರ ಜಾಗವನ್ನು ಅಂದಾಜಿನಲ್ಲಿ ಹುಡುಕುವುದು ಆಗದ ಮಾತು, ತಯಾರಕರು ಲೆಕ್ಕ ಹಾಕಿ ಕೊಟ್ಟ ಚಾನೆಲ್ ಗುಂಪನ್ನೇ ಬಳಸಬೇಕು.

ರಿಸೀವರಿನಲ್ಲಿ ಸ್ಕ್ಯಾನ್ ಮಾಡಿ ಖಾಲಿ ಜಾಗ ಆರಿಸಿದರೆ ಸಾಲದೇ ಎಂದು ಕೇಳಬಹುದು. ಸ್ಕ್ಯಾನ್ ಬೇಕೇ ಬೇಕು, ಆದರೆ ಅದು ತೋರಿಸುವುದು ನಮ್ಮ ಮೈಕುಗಳು ಬಂದ್ ಇದ್ದಾಗಿನ ಚಿತ್ರವನ್ನು. ಆಮೇಲೆ ಎಲ್ಲವನ್ನೂ ಚಾಲೂ ಮಾಡಿ, ಒಂದೊಂದನ್ನೇ ಬಂದ್ ಮಾಡಿ, ಅದರ ರಿಸೀವರಿನ ಮೀಟರ್ ನೋಡಬೇಕು. ಬಂದ್ ಮಾಡಿದ ಮೇಲೂ ಮೀಟರ್ ಏಳುತ್ತಿದ್ದರೆ ಆ ಚಾನೆಲ್ ಬಿಡಬೇಕು. ಹಾಗಾದರೆ ಸೌಂಡ್ ಚೆಕ್ಕಿನಲ್ಲಿ ಎಲ್ಲವೂ ಸರಿಯಿತ್ತಲ್ಲ? ಎಫ್‌ಎಂ ರಿಸೀವರ್ ಎರಡರಲ್ಲಿ ಬಲವಾದ ಸಂಕೇತವನ್ನೇ ಹಿಡಿಯುತ್ತದೆ. ಹಾಡುಗಾರ ಆಂಟೆನಾದ ಹತ್ತಿರವಿರುವವರೆಗೆ ಅಡ್ಡಿ ಅಡಗಿರುತ್ತದೆ. ಅವನು ದೂರ ಸರಿದಾಗ, ಇಲ್ಲವೇ ಮೈಕನ್ನು ಮೈಯಿಂದ ಮರೆಮಾಡಿದಾಗ ಅದು ತಲೆ ಎತ್ತುತ್ತದೆ.

ಮಗ್ಗದ ಮೇಲಿನ ಆರೋಪ ಮಾತ್ರ ಗಟ್ಟಿ ನಿಲ್ಲುವುದಿಲ್ಲ. ಅದನ್ನು ತಿರುಗಿಸುವ ಇಂಡಕ್ಷನ್ ಮೋಟಾರಿನಲ್ಲಿ ಸದಾ ಕಿಡಿ ಹಾರಿಸುವ ಕಾರ್ಬನ್ ಬ್ರಷ್ ಇಲ್ಲ. ಸ್ವಿಚ್ಚಿನ ಕಿಡಿ ಕ್ಷಣದ ಚಟಪಟವಷ್ಟೇ. ಅದಕ್ಕಿಂತ ವೇದಿಕೆಯ ಹಿಂದಿನ ಎಲ್‌ಇಡಿ ಪರದೆ ಹೆಚ್ಚು ಉಪದ್ರವಿ: ಅದರ ಪವರ್ ಸಪ್ಲೈ ಮತ್ತು ಕೇಬಲ್ಲುಗಳಿಂದ ಅಗಲವಾದ ರೇಡಿಯೋ ಗದ್ದಲ ಸೋರಬಹುದು, ಆಂಟೆನಾ ಅದರ ಬುಡದಲ್ಲಿ ಇರಬಾರದು. ಮೊಬೈಲಿನ ಮೇಲಿನ ದೂರು ಅರ್ಧ ನಿಜ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗ ಮಾರಾಟವಾದ ಮೇಲೆ 703 ಮತ್ತು 748ರ ನಡುವೆ ಫೋನುಗಳು ಮಾತಾಡುತ್ತವೆ, 758 ಮತ್ತು 803ರ ನಡುವೆ ಟವರುಗಳು. ಆ ಪಟ್ಟಿಯ ಹಳೆಯ ಸೆಟ್ಟಿಗೆ ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಸ್ವಚ್ಛ ಕಂಡ ಚಾನೆಲ್ ಸಂಜೆ ಜನ ತುಂಬಿದಾಗ ಹಾಗೆಯೇ ಉಳಿದೀತೆಂದು ನಂಬುವಂತಿಲ್ಲ. ಅಂಥ ಸೆಟ್ಟನ್ನು ಬದಲಿಸುವುದೇ ಮೇಲು.

ಡಿಜಿಟಲ್ ಮೈಕ್ ಕೊಂಡರೆ ಎಲ್ಲ ಮುಗಿಯಿತೆಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2.4 ಗಿಗಾಹರ್ಟ್ಸ್‌ನವು ವೈಫೈ, ಬ್ಲೂಟೂತ್‌ಗಳ ಜೊತೆ ಜಾಗ ಹಂಚಿಕೊಳ್ಳಬೇಕು. ಮೊದಲು ಮಾಡಬಹುದಾದದ್ದಕ್ಕೆ ಖರ್ಚೇ ಇಲ್ಲ: ಚಾಲೂ ಇರುವ ಮೈಕುಗಳನ್ನು ಮೇಜಿನ ಮೇಲೆ, ರಿಸೀವರಿನ ಪಕ್ಕ ಗುಡ್ಡೆ ಹಾಕಬಾರದು; ಸಣ್ಣ ಸಭಾಂಗಣದಲ್ಲಿ ಎಲ್ಲ ಮೈಕುಗಳ ಶಕ್ತಿ ಇಳಿಸಬೇಕು. ಶಕ್ತಿ ಅರ್ಧವಾದರೆ ರಿಸೀವರಿನಲ್ಲಿ ಹುಟ್ಟುವ ಆ ಮಿಶ್ರಣಗಳ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ.