ಟೆಂಟ್ ಹಾಕೋ ಮುಂಚೆ ಕೇಳಿ: ಈ ಜಾಗ ಯಾರದು?

ಕಳೆದ ತಿಂಗಳು ಬೆಂಗಳೂರಿನ ಗೆಳೆಯನೊಬ್ಬ ವಾಟ್ಸ್‌ಆ್ಯಪ್ ಮಾಡಿದ್ದ. "ಮಗಾ, ಕುಮಾರಪರ್ವತ ಬುಕಿಂಗ್ ಸಿಗ್ತಿಲ್ಲ. ನಿಮ್ಮೂರ ಕಡೆ ಎಲ್ಲಾ ಖಾಲಿ ಜಾಗ ಅಲ್ವಾ? ಎರಡು ದಿನ ಡೆಸರ್ಟ್ ಕ್ಯಾಂಪಿಂಗ್ ಮಾಡೋಣ. ಪರ್ಮಿಷನ್ ಗಿರ್ಮಿಷನ್ ರಗಳೆ ಇರಲ್ಲ."

ನಮ್ಮೂರು ಅಂದ್ರೆ ನಾಯಕನಹಟ್ಟಿ, ಚಳ್ಳಕೆರೆ ತಾಲ್ಲೂಕು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಜನ ಖುಷಿಪಡುವ ಊರು. ಪಶ್ಚಿಮ ಘಟ್ಟದ ಹಸಿರು ಇಲ್ಲಿಲ್ಲ. ಬಂಡೆಗುಡ್ಡ, ಹುಲ್ಲುಗಾವಲು, ಜಾಲಿ, ಶೇಂಗಾ ಹೊಲ, ಗಾಳಿ. ಗೆಳೆಯನಿಗೆ ಬರಬೇಡ ಅನ್ನಲಿಲ್ಲ, ಬಾ ಅಂದೆ. ಆದರೆ ಅವನ ಮೆಸೇಜಿನಲ್ಲಿ ಎರಡು ತಪ್ಪುಗಳಿದ್ದವು. ಇಲ್ಲಿ ಪರ್ಮಿಷನ್ ಬೇಡ ಅನ್ನೋದು ಒಂದು. ಇದು ಖಾಲಿ ಅನ್ನೋದು ಇನ್ನೊಂದು. ಈ ಎರಡನೆಯ ತಪ್ಪನ್ನು ಅವನೊಬ್ಬನೇ ಮಾಡಿಲ್ಲ, ಸರ್ಕಾರಗಳೂ ಮಾಡಿವೆ. ಹಾಗಾಗಿ ಒಣಸೀಮೆಯಲ್ಲಿ ಚಾರಣ ಪ್ಲಾನ್ ಮಾಡೋದು ಹೇಗೆ ಅಂತ ಬಿಡಿಸಿ ಬರೆಯೋಣ ಅನ್ನಿಸಿತು.

ಘಟ್ಟಕ್ಕೆ ನಿಯಮ ಇದೆ, ಬಯಲಿಗೆ?

2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ದಾರಿಯಲ್ಲಿ ಕಾಲಿಡಲೂ ಜಾಗವಿಲ್ಲದ ಜನಜಂಗುಳಿಯ ವಿಡಿಯೊ ನೀವೂ ನೋಡಿರ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ಶುರುವಾಯ್ತು. ಒಂದು ಚಾರಣ ಪಥಕ್ಕೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿ ಬಂತು.

ಇದರಲ್ಲಿ ಒಂದು ತರ್ಕವಿದೆ: ಪ್ರತಿ ಜಾಗಕ್ಕೂ ಅದು ತಡೆದುಕೊಳ್ಳಬಲ್ಲ ಜನರ ಲೆಕ್ಕವಿದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಣಿವೆಯೊಳಗೆ ತಂಗಬೇಕಾದರೆ ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಮೊದಲೇ ತಿಳಿಸಿ ಪರವಾನಗಿ ಪಡೆಯಬೇಕು. ನಮ್ಮ ಬಯಲುಸೀಮೆಗೆ ಇಂಥ ಲೆಕ್ಕ ಯಾರೂ ಹಾಕಿಲ್ಲ. ಹಾಗಂತ ಇದು ಯಾರದ್ದೂ ಅಲ್ಲದ ಜಾಗ ಅಂತ ಅರ್ಥ ಅಲ್ಲ.

ಮೊದಲ ಕೆಲಸ: ಪಹಣಿ ನೋಡಿ

ಟೆಂಟ್, ಶೂ, ಸ್ಲೀಪಿಂಗ್ ಬ್ಯಾಗ್ ಎಲ್ಲ ಆಮೇಲೆ. ಮೊದಲು ಫೋನಿಗೆ ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪ್ ಹಾಕ್ಕೊಳ್ಳಿ. ನೀವು ಹೋಗಬೇಕಾದ ಜಾಗದ ಸರ್ವೆ ನಂಬರ್ ಅದರಲ್ಲಿ ಸಿಗುತ್ತೆ. ಆ ನಂಬರ್ ಹಿಡಿದು 'ಭೂಮಿ'ಯಲ್ಲಿ ಪಹಣಿ ತೆಗೆದರೆ ಜಾಗ ಯಾರದೆಂದು ಗೊತ್ತಾಗುತ್ತೆ. ರೈತರದಾದರೆ ಅವರನ್ನು ಕೇಳಿ. ಅರಣ್ಯವಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ. ಮೀಸಲು ಅರಣ್ಯದಲ್ಲಿ ಅಕ್ರಮ ಪ್ರವೇಶ, ಬೆಂಕಿ ಎರಡೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ವನ್ಯಜೀವಿಧಾಮವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತೆ.

ಪಹಣಿಯಲ್ಲಿ ಇನ್ನೊಂದು ಪದ ಕಾಣಿಸಬಹುದು: ಕಾವಲು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಸೈನ್ಯದ ಸಾಮಾನು ಎಳೆಯುತ್ತಿದ್ದ ಆ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ರಾಜರು ಹೋದರು, ಸೈನ್ಯಕ್ಕೆ ಲಾರಿ ಬಂತು, ಆದರೆ ಹುಲ್ಲು ಹಾಗೇ ಉಳಿಯಿತು. ಸುತ್ತಲಿನ ಹಳ್ಳಿಗಳ ಕುರಿ, ದನ ಅಲ್ಲೇ ಮೇಯುತ್ತಿದ್ದವು. ಕೃಷ್ಣಮೃಗಗಳೂ ಮೇಯುತ್ತಿದ್ದವು.

2009ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು, ಕುದಾಪುರ, ವರವು ಕಾವಲು ಭಾಗದ ಸುಮಾರು 10,000 ಎಕರೆಯನ್ನು ಸಂಸ್ಥೆಗಳಿಗೆ ಹಂಚಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಬಾರ್ಕ್‌ಗೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573. ಮಿಕ್ಕದ್ದು ಸೋಲಾರ್ ಕಂಪನಿ, ವಸತಿ, ಕೈಗಾರಿಕೆಗೆ. ಆಮೇಲೆ ಗೋಡೆ, ಬೇಲಿ ಬಂದವು. ಕುರಿಗಾಹಿಗಳು ಪ್ರತಿಭಟಿಸಿದರು. ಪರಿಸರ ಸಂಘಟನೆಯೊಂದು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು. ಬೇಲಿ ಮಾತ್ರ ಉಳಿಯಿತು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯ್ತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ರಾಕೆಟ್ ಮಾದರಿ ತಾನಾಗಿಯೇ ಬಂದಿಳಿದದ್ದು ಇದೇ ರನ್‌ವೇ ಮೇಲೆ.

ಬಿಇ ಓದಿದವನಾಗಿ ಆ ದಿನ ನನಗೂ ರೋಮಾಂಚನ ಆಗಿತ್ತು, ಸುಳ್ಳು ಹೇಳಲ್ಲ. ಆದರೆ ಜಾಗ ಕೊಡುವಾಗ ಬಳಸಿದ ತರ್ಕ ನೋಡಿ: ಇಲ್ಲಿ ಕಾಡಿಲ್ಲ, ಬೆಳೆ ಇಲ್ಲ, ಅಂದ್ರೆ ಏನೂ ಇಲ್ಲ. ಕೇಂದ್ರ ಸರ್ಕಾರದ ಪಾಳುಭೂಮಿ ಅಟ್ಲಾಸ್‌ನಲ್ಲೂ ಕುರುಚಲು ನೆಲಕ್ಕೆ ಪಾಳುಭೂಮಿ ಅಂತಲೇ ಹೆಸರು. ನನ್ನ ಗೆಳೆಯ "ಖಾಲಿ ಜಾಗ" ಅಂದದ್ದು ಇದೇ ಮಾತನ್ನೇ, ಸ್ವಲ್ಪ ಪ್ರೀತಿಯಿಂದ ಅಷ್ಟೆ.

ಚಾರಣಿಗರಿಗೆ ಇದರಿಂದ ನೇರ ಪಾಠವೂ ಇದೆ. ಬೇಲಿಯ ಹತ್ತಿರ ಟೆಂಟ್ ಹಾಕಬೇಡಿ, ಡ್ರೋನ್ ಹಾರಿಸಬೇಡಿ, ಗೋಡೆಯಾಚೆಗಿನ ಫೋಟೊ ತೆಗೆಯಬೇಡಿ. ಅಧಿಕೃತ ರಹಸ್ಯ ಕಾಯ್ದೆ 1923ರದ್ದು, ಹಳೆಯದು, ಆದರೆ ಜೀವಂತವಾಗಿದೆ.

ಎರಡನೆಯ ಕೆಲಸ: ನೀರಿನ ಲೆಕ್ಕ

ಕಾಲೇಜು ಮುಗಿಸಿದ ವರ್ಷ ಏಪ್ರಿಲ್‌ನಲ್ಲಿ ನಾವು ನಾಲ್ವರು ಮೊಳಕಾಲ್ಮುರು ಕಡೆಯ ಗುಡ್ಡವೊಂದಕ್ಕೆ ಹೋಗಿದ್ದೆವು. ತಲಾ 2 ಲೀಟರ್ ನೀರು ಒಯ್ದಿದ್ದೆವು. ಫೋನಿನ ಮ್ಯಾಪಿನಲ್ಲಿ ಗುಡ್ಡದ ಆಚೆ ನೀಲಿ ಬಣ್ಣದ ದೊಡ್ಡ ಕೆರೆ ಕಾಣಿಸ್ತಿತ್ತು. ಅಲ್ಲಿ ತುಂಬಿಸ್ಕೊಂಡರಾಯ್ತು ಅಂದುಕೊಂಡೆವು. ಮಧ್ಯಾಹ್ನ ಒಂದೂವರೆಗೆ ತಲುಪಿದರೆ ಕೆರೆಯ ತುಂಬ ಬಳ್ಳಾರಿ ಜಾಲಿ. ಹನಿ ನೀರಿಲ್ಲ. ಒಬ್ಬನಿಗೆ ತಲೆಸುತ್ತು ಬಂದು ಕೂತುಬಿಟ್ಟ, ಮಾತು ತೊದಲತೊಡಗಿತು.

ಕುರಿ ಕಾಯುತ್ತಿದ್ದ ಅಜ್ಜನೊಬ್ಬ ನಮ್ಮನ್ನು ನೋಡಿ ಬಂದ. "ಈ ಬಿಸಿಲಾಗೆ ಏನ್ ಹುಡುಕ್ತಿರಪ್ಪ?" ಅಂದ. ನಾನು ಮ್ಯಾಪ್ ತೋರಿಸಿದೆ. "ಈ ಕೆರೆ ತುಂಬಿ ಏಸೋ ವರ್ಷ ಆತು. ಆ ಫೋನಿಗೆ ಯಾರ್ ಹೇಳಿದ್ರು ನೀರೈತೆ ಅಂತ?" ಅಂದವನೇ ತನ್ನ ಕ್ಯಾನಿನ ನೀರು ಕೊಟ್ಟ. ಅವನ ಸಂಜೆಯವರೆಗಿನ ನೀರು ಅದು. ಗೆಳೆಯನ ತಲೆ ಮೇಲೆ ಒದ್ದೆ ಟವೆಲ್ ಹಾಕಿಸಿ, ಬೇವಿನ ಮರದ ನೆರಳಲ್ಲಿ ಹೊತ್ತು ಇಳಿಯೋವರೆಗೂ ಕೂರಿಸಿದ. ನಾವು ನಾಲ್ಕೂ ಜನ ಎಂಜಿನಿಯರ್‌ಗಳು, ಲೆಕ್ಕ ಗೊತ್ತಿದ್ದವನು ಅವನೊಬ್ಬನೇ.

ಆ ಲೆಕ್ಕ ಹೀಗಿದೆ. ಬಿಸಿಲಲ್ಲಿ ಹತ್ತುವಾಗ ಒಬ್ಬರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕು. ದಿನಕ್ಕೆ ಐದಾರು ಗಂಟೆ ನಡೆದರೆ 4 ಲೀಟರ್, ಉಳಿದ ಹೊತ್ತಿಗೆ 2 ಲೀಟರ್. ಎರಡು ದಿನಕ್ಕೆ 12 ಲೀಟರ್, ಅಡುಗೆಗೆ ಇನ್ನೆರಡು. ಒಂದು ಲೀಟರ್ ಅಂದ್ರೆ ಒಂದು ಕಿಲೊ. 14 ಕಿಲೊ ನೀರೇ ಹೊತ್ತು ಬಂಡೆ ಹತ್ತೋಕೆ ಆಗಲ್ಲ. ಅಂದರೆ ಬೇಸಿಗೆಯಲ್ಲಿ ಇಲ್ಲಿ ಎರಡು ದಿನದ ಚಾರಣ ಅಸಾಧ್ಯ ಅಂತ ಗಣಿತವೇ ಹೇಳುತ್ತೆ. ನವೆಂಬರ್‌ನಿಂದ ಜನವರಿ ಸರಿಯಾದ ಕಾಲ. ಆಗ ಸುಮಾರು ಅರ್ಧದಷ್ಟು ನೀರು ಸಾಕು. ಆಗಲೂ ಬೆಳಗ್ಗೆ ಹತ್ತರೊಳಗೆ ಹತ್ತಿ ಮುಗಿಸಿ.

ಮ್ಯಾಪಿನ ಕೆರೆ ನಂಬಬೇಡಿ. ಹಿಂದಿನ ದಿನ ಹಳ್ಳಿಯ ಚಹಾದಂಗಡಿಯಲ್ಲಿ ಕೇಳಿ. ನೀರು ಸಿಕ್ಕಿದರೂ ಕುದಿಸಿಯೇ ಕುಡಿಯಿರಿ, ಇಲ್ಲಾಂದ್ರೆ ಫಿಲ್ಟರ್ ಒಯ್ಯಿರಿ. ಕುರಿ, ದನ ಕುಡಿಯುವ ತೊಟ್ಟಿಯಲ್ಲಿ ಸೋಪು ಹಚ್ಚಿ ತಟ್ಟೆ ತೊಳೆಯಬೇಡಿ. ಜೊತೆಯವರು ತೊದಲಿದರೆ, ಗೊಂದಲಕ್ಕೊಳಗಾದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಮೈ ತಣ್ಣಗೆ ಮಾಡಿ, 108ಕ್ಕೆ ಫೋನ್ ಮಾಡಿ.

ಎಲ್ಲಿಗೆ ಹೋಗಬಹುದು?

ನನ್ನ ಆಯ್ಕೆ ಮೊಳಕಾಲ್ಮುರು ತಾಲ್ಲೂಕು. ಬ್ರಹ್ಮಗಿರಿ, ಅಶೋಕ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ: ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಚಾರಣಿಗರಿಗೆ ಇಷ್ಟವಾಗುವ ವಿವರ ಒಂದಿದೆ: ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಅಂಕಿ ಇದೆ. ಅದು ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಚಕ್ರವರ್ತಿಯೂ ಹೊರಗೆ ಮಲಗಿದ ರಾತ್ರಿ ಎಣಿಸಿಟ್ಟಿದ್ದ ಅಂತಾಯ್ತು.

ಇವನ್ನು ಹಗಲಿನ ಚಾರಣಕ್ಕೆ ಇಟ್ಟುಕೊಳ್ಳಿ. ಸಂರಕ್ಷಿತ ಸ್ಮಾರಕದ ಬಳಿ ರಾತ್ರಿ ತಂಗುವಂತಿಲ್ಲ. ತಂಗೋದಕ್ಕೆ ಒಪ್ಪಿಗೆ ಕೊಟ್ಟ ರೈತರ ಖಾಲಿ ಹೊಲ, ಇಲ್ಲವೇ ಊರ ದೇವಸ್ಥಾನದ ಅಂಗಳ ವಾಸಿ. ಅಲ್ಲಿ ನೀರೂ ಇರುತ್ತೆ, ಕಷ್ಟ ಬಂದರೆ ಕೂಗಿದರೆ ಕೇಳಿಸಿಕೊಳ್ಳುವ ಜನವೂ ಇರ್ತಾರೆ.

ಬಂಡೆಗುಹೆಯಲ್ಲಿ ಮಲಗೋ ರೊಮ್ಯಾಂಟಿಕ್ ಐಡಿಯಾ ಬಿಟ್ಟುಬಿಡಿ. ಅದು ಕರಡಿಯ ಮನೆ. ಸಂಜೆಯಿಂದ ನಸುಕಿನವರೆಗೆ ಅದರ ಓಡಾಟ, ಸೀತಾಫಲ ಹಣ್ಣಾಗೋ ಕಾಲದಲ್ಲಂತೂ ಇನ್ನೂ ಜಾಸ್ತಿ. ಆ ಹೊತ್ತಲ್ಲಿ ಗುಡ್ಡದ ಮೇಲೆ ಇರಬೇಡಿ. ದಾರಿಯಲ್ಲಿ ಮಾತಾಡ್ತಾ ನಡೆಯಿರಿ. ಕೊಳಕುಮಂಡಲ, ಗರಗಸ ಮಂಡಲ ಎರಡೂ ಇರುವ ನೆಲ ಇದು. ಟಾರ್ಚ್ ಇಲ್ಲದೆ ರಾತ್ರಿ ಹೆಜ್ಜೆ ಇಡಬೇಡಿ, ಬೆಳಗ್ಗೆ ಶೂ ಕೊಡವಿ ಹಾಕ್ಕೊಳ್ಳಿ. ಹಾವು ಕಚ್ಚಿದರೆ ಕಟ್ಟೋದು, ಕೊಯ್ಯೋದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ ಓಡಿ. ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಅಂತ ಹೊರಡೋ ಮುಂಚೆಯೇ ನೋಡಿಟ್ಟುಕೊಳ್ಳಿ.

ಇಲ್ಲಿ ಮೊದಲೇ ಕ್ಯಾಂಪ್ ಹಾಕಿದವರಿದ್ದಾರೆ

ನಮ್ಮ ಭಾಗದ ಮ್ಯಾಸನಾಯಕ ಸಮುದಾಯದಲ್ಲಿ ದೇವರ ಎತ್ತುಗಳಿವೆ. ಇವನ್ನು ಉಳುಮೆಗೆ ಹೂಡೋದಿಲ್ಲ. ಇವುಗಳ ಜೊತೆಗೇ ಬಯಲಲ್ಲಿ ಬದುಕುವವರು ಕಿಲಾರಿಗಳು. ಮಳೆ, ಚಳಿ, ಬಿಸಿಲು ಎಲ್ಲದರಲ್ಲೂ ಹಿಂಡು ಇದ್ದಲ್ಲೇ ಅವರ ವಾಸ. ಕುರಿಗಾಹಿಗಳೂ ಹಾಗೇ, ರೊಪ್ಪ ಹಾಕಿ ಹೊರಗೇ ಮಲಗ್ತಾರೆ. ನಾವು ಎರಡು ರಾತ್ರಿಗೆ ಸಾವಿರಾರು ರೂಪಾಯಿಯ ಗೇರ್ ಕೊಂಡು ಮಾಡೋದನ್ನ ಅವರು ಕಂಬಳಿ ಹೊದ್ದು ವರ್ಷವಿಡೀ ಮಾಡ್ತಾರೆ. ವ್ಯತ್ಯಾಸ ಇಷ್ಟೇ: ಬೇಲಿ ಬಂದರೆ ನಾವು ಬೇರೆ ಗುಡ್ಡ ಹುಡುಕ್ತೀವಿ, ಅವರಿಗೆ ಹುಲ್ಲು ಹೋಗುತ್ತೆ. ಪ್ರತಿ ಬೇಸಿಗೆಯಲ್ಲೂ ದೇವರ ಎತ್ತುಗಳಿಗೆ ಮೇವಿಲ್ಲ ಅನ್ನೋ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರೋದು ಸುಮ್ಮನೆ ಅಲ್ಲ.

ಹಾಗಾಗಿ ಕ್ಯಾಂಪ್‌ಫೈರ್ ಬೇಡ. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಯಾರದೋ ಕುರಿಗಳ ಬೇಸಿಗೆಯ ಊಟ ಉರಿದುಹೋಗುತ್ತೆ. ಸಣ್ಣ ಗ್ಯಾಸ್ ಸ್ಟೌ ಸಾಕು. ರೊಪ್ಪದ ಹತ್ತಿರ ರಾತ್ರಿ ಸುಳಿಯಬೇಡಿ, ನಾಯಿಗಳು ಬಿಡೋದಿಲ್ಲ. ದೇವರ ಎತ್ತಿನ ಜಾಗಕ್ಕೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕು, ಫೋಟೊ ತೆಗೀಬಹುದಾ ಅಂತ ಕೇಳಿ. ಮಲವಿಸರ್ಜನೆಗೆ ನೀರಿನಿಂದ 60 ಮೀಟರ್ ದೂರ ಹೋಗಿ, ಅರ್ಧ ಅಡಿ ಗುಂಡಿ ತೋಡಿ ಮುಚ್ಚಿ. ಪ್ಲಾಸ್ಟಿಕ್ ವಾಪಸ್ ತನ್ನಿ, ದನ ತಿನ್ನುತ್ತವೆ.

ಸ್ಕಾಟ್ಲೆಂಡ್‌ನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಜನರಿಗೆ ಬಹುತೇಕ ನೆಲದ ಮೇಲೆ, ಜವಾಬ್ದಾರಿಯಿಂದ ನಡೆದುಕೊಂಡರೆ, ಓಡಾಡುವ, ತಂಗುವ ಹಕ್ಕು ಕೊಟ್ಟಿದೆ. ನಮ್ಮಲ್ಲೂ ಅಂಥದ್ದು ಬರಲಿ ಅಂತ ಚಾರಣಿಗರು ಕೇಳೋದು ನ್ಯಾಯವೇ. ಆದರೆ ಇಲ್ಲಿ ಆ ಹಕ್ಕಿನ ಮೊದಲ ಪಾಲು ಕುರಿಯ ಹಿಂದೆ ನಡೆಯುವವರದು. ಅವರಿಗೆ ಮುಚ್ಚಿದ ದಾರಿ ನಮಗೆ ಮಾತ್ರ 'ಇಕೋ ಟೂರಿಸಂ' ಹೆಸರಲ್ಲಿ ತೆರೆದರೆ ಅದು ಇನ್ನೊಂದು ಬೇಲಿ, ಅಷ್ಟೆ.

ಗೆಳೆಯ ಡಿಸೆಂಬರ್‌ನಲ್ಲಿ ಬರ್ತಿದ್ದಾನೆ. ಪಹಣಿ ನೋಡಾಯ್ತು, ಹೊಲದವರನ್ನು ಕೇಳಾಯ್ತು. ತಲಾ 8 ಲೀಟರ್ ನೀರು ಅಂತ ಬರೆದುಕೊಂಡಿದ್ದೀವಿ. ನಾನು ಒಂದು ಲೀಟರ್ ಜಾಸ್ತಿ ಒಯ್ತೀನಿ. ದಾರಿಯಲ್ಲಿ ಕುರಿ ಕಾಯೋರು ಸಿಕ್ಕರೆ ಹಳೆಯ ಸಾಲ ಒಂದಿದೆ.