‘ಹೇಳಿದಷ್ಟೇ’ ಮಾಡಲು ಕಲಿಸಿದವರು ಯಾರು?

ಬಸವಕಲ್ಯಾಣದ ಆಟೋನಗರ. ಲಾರಿಗೆ ಬಾಡಿ ಕಟ್ಟುವ ಗ್ಯಾರೇಜು. ಬಣ್ಣ ಬಳಿಯಲು ನಿಂತ ಹುಡುಗನ ಕಣ್ಣಿಗೆ ಹಿಂಬಾಗಿಲ ಕೀಲಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿತ್ತು ಅನ್ನಿ. “ಉಸ್ತಾದ್, ಇಲ್ಲಿ ವೆಲ್ಡಿಂಗ್ ಬಿಟ್ಟದ ನೋಡ್ರಿ” ಅನ್ನುತ್ತಾನಾ? ಇಲ್ಲಾ, ಅದರ ಮೇಲೇ ಬಣ್ಣ ಎಳೆದುಬಿಡುತ್ತಾನಾ?

ಸುಮ್ಮನಿದ್ದರೆ ನಮ್ಮ ತೀರ್ಪು ರೆಡಿ: ಹುಡುಗನಿಗೆ ಮುತುವರ್ಜಿ ಇಲ್ಲ. ಸ್ವಭಾವದ ಪಾಲು ಇದೆ, ನಿಜ. ಕೆಲವರು ಯಾರೂ ಕರೆಯದಿದ್ದರೂ ಕೈ ಹಾಕುವವರೇ.

ಆದರೆ ಮನಶ್ಶಾಸ್ತ್ರಜ್ಞ ಮಿಖಾಯೆಲ್ ಫ್ರೆಸೆ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾಗಿದ್ದು 1990ರಲ್ಲಿ. ಎರಡೂ ಕಡೆ ಅದೇ ಭಾಷೆ, ಅದೇ ಜನ. ಆದರೂ ಪೂರ್ವದ ಕೆಲಸಗಾರರಲ್ಲಿ ಮುತುವರ್ಜಿ ಕಡಿಮೆ ಇತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಕೆಲಸದ ರೀತಿ. ತಲೆ ಓಡಿಸಲು ಅವಕಾಶ ಕಮ್ಮಿ, ತಾನೇ ನಿರ್ಧರಿಸುವ ಹಿಡಿತವೂ ಕಮ್ಮಿ.

ಈಗ ಹೇಳಿ, ನಮ್ಮ ಹುಡುಗನಿಗೆ ಹಿಂದೊಮ್ಮೆ “ನಿನಗ್ಯಾಕ್ ಬೇಕು? ಹೇಳಿದಷ್ಟು ಮಾಡು” ಅಂತ ಬೈಗುಳ ಬಿದ್ದಿದ್ದರೆ?

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಲೆಕ್ಕ ಬೇರೆ. ಆಪರೇಟರ್ ತನ್ನಿಷ್ಟಕ್ಕೆ ವಾಲ್ವ್ ತಿರುಗಿಸಿದರೆ ಅದು ಮುತುವರ್ಜಿಯಲ್ಲ, ಅನಾಹುತ. ಗೇಜಿನ ಮುಳ್ಳು ಏರುತ್ತಿದೆ, ವಾಸನೆ ಬದಲಾಗಿದೆ ಅಂತ ತಕ್ಷಣ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳುವುದೇ ಅಲ್ಲಿ ಮುತುವರ್ಜಿ. ಆದರೆ ಗುತ್ತಿಗೆಯ ಮೇಲಿರುವವನು, ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲದವನು, ಬಾಯಿ ತೆರೆಯುವ ಮುಂಚೆ ಹತ್ತು ಸಲ ಯೋಚಿಸುತ್ತಾನೆ. ಅಷ್ಟರಲ್ಲಿ ಮುಳ್ಳು ಇನ್ನಷ್ಟು ಏರಿರುತ್ತದೆ.