ಕೂಸು ಆಡಿಸುವ ಮನೆಯ ಜಮಾಖರ್ಚು

ಹಾಲಿನವನು ದರ ಏರಿಸುವ ರೀತಿಯನ್ನು ನೀವೆಲ್ಲ ಗಮನಿಸಿರಬಹುದು. ತಿಂಗಳ ಮೊದಲ ದಿನ ಬೆಳಗ್ಗೆ ಪಾತ್ರೆಗೆ ಹಾಲು ಸುರಿಯುತ್ತ, "ಈ ತಿಂಗಳಿಂದ ಎರಡು ರೂಪಾಯಿ ಜಾಸ್ತಿ ಆಯ್ತಮ್ಮಾ, ಹಿಂಡಿ ಬೂಸಾ ಎಲ್ಲಾ ಏರ್ಬಿಟ್ಟಿದೆ" ಎನ್ನುತ್ತಾನೆ. ನಾವು ಒಂದು ನಿಮಿಷ ಗೊಣಗುತ್ತೇವೆ. ಮರುದಿನವೂ ಪಾತ್ರೆ ಹಿಡಿಯುತ್ತೇವೆ. ಹೂವಿನವಳಿಗೆ ಅಷ್ಟು ಮಾತಿನ ಅಗತ್ಯವೂ ಇಲ್ಲ. ಆಕೆಯ ಮೊಳ ತಾನಾಗಿ ಗಿಡ್ಡವಾಗುತ್ತದೆ. ಆದರೆ ಪರರ ಮಕ್ಕಳನ್ನು ಹಗಲೆಲ್ಲ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಹೆಂಗಸು ದರ ಏರಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಐದು ವರ್ಷ ಹಿಡಿಯಿತು. ಆ ಐದು ವರ್ಷಗಳ ದಂಡವನ್ನು ನಾನೊಬ್ಬಳೇ ತೆರಲಿಲ್ಲವೆಂಬುದರಿಂದಲೇ ಈ ಮಾತನ್ನು ನಾಲ್ಕು ಜನರ ಮುಂದೆ ಆಡಬೇಕೆನಿಸಿದೆ.

ಮೈಸೂರಿನ ಒಂದು ಬಡಾವಣೆಯಲ್ಲಿ, ನಮ್ಮ ಮನೆಯ ಮುಂದಿನ ಹಜಾರ ಮತ್ತು ಪಕ್ಕದ ಕೋಣೆಯಲ್ಲಿ, 2009ರ ಜೂನಿನಲ್ಲಿ ಎಂಟು ಮಕ್ಕಳೊಡನೆ ಈ ಕೆಲಸ ಆರಂಭಿಸಿದೆ. ಫಲಕವಿರಲಿಲ್ಲ, ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿಯೇ ಫಲಕ. ಮಗುವೊಂದಕ್ಕೆ ತಿಂಗಳಿಗೆ 1,200 ರೂಪಾಯಿ ಎಂದು ಗೊತ್ತುಮಾಡಿದೆ. ಅದನ್ನು ಯಾವ ಲೆಕ್ಕದಿಂದಲೂ ತೆಗೆದದ್ದಲ್ಲ. ಎದುರು ಬೀದಿಯಲ್ಲಿ 1,300 ಎಂದು ಕೇಳಿದ್ದೆ, ನೂರು ಕಡಮೆಯಿರಲಿ ಎಂದುಕೊಂಡೆ, ಅಷ್ಟೆ. ತಿಂಗಳಿಗೆ ಬರುತ್ತಿದ್ದ 9,600 ರೂಪಾಯಿಯಲ್ಲಿ ಆಯಾಗೆ 2,500, ಹಾಲು, ಹಣ್ಣು, ರಾಗಿಹಿಟ್ಟು, ಅನಿಲ, ಸೋಪು, ನೀರು, ದೀಪ ಎಲ್ಲ ಸೇರಿ 2,400 ಕಳೆದರೆ ನನಗೆ 4,700 ಉಳಿಯುತ್ತಿತ್ತು. ಬೆಳಗ್ಗೆ ಎಂಟರಿಂದ ಸಂಜೆ ಆರೂವರೆಯ ತನಕ ದುಡಿಮೆ. ಆದರೂ ಸಂತೋಷವಾಗಿಯೇ ಇದ್ದೆ.

ಮುಂದಿನ ಐದು ವರ್ಷ ಆ 1,200 ಕದಲಲಿಲ್ಲ. ಕಾರಣ ಔದಾರ್ಯವೆಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಆದರೆ ನಿಜವಾದ ಕಾರಣ ದಾಕ್ಷಿಣ್ಯ. ಸಂಜೆ ತಾಯಿ ಬಂದಾಗ ಮಗು ನನ್ನ ಸೆರಗನ್ನು ಬಿಡದೆ ಅಳುತ್ತದೆ. ಆ ತಾಯಿ ಅರ್ಧ ಸಂತೋಷ ಅರ್ಧ ಸಂಕಟದಿಂದ ನಗುತ್ತಾಳೆ. ಆ ಗಳಿಗೆಯಲ್ಲಿ "ಮುಂದಿನ ತಿಂಗಳಿಂದ ನೂರು ರೂಪಾಯಿ ಹೆಚ್ಚು ಕೊಡಬೇಕಮ್ಮ" ಎಂಬ ಮಾತು ಗಂಟಲಿನಿಂದ ಹೊರಡುವುದಿಲ್ಲ. ಪ್ರೀತಿಗೆ ಬೆಲೆ ಕಟ್ಟಿದಂತಾಗುವುದೇನೋ ಎಂಬ ಅಳುಕು. ಆದರೆ ಅವರು ಕೊಡುತ್ತಿದ್ದದ್ದು ಪ್ರೀತಿಗಲ್ಲ. ಹತ್ತೂವರೆ ಗಂಟೆಯ ಎಚ್ಚರಕ್ಕೆ, ಬೇಯಿಸಿದ ಗಂಜಿಗೆ, ಒಗೆದ ಬಟ್ಟೆಗೆ, ಆಯಾಳ ಬೆನ್ನುನೋವಿಗೆ. ಈ ಭೇದ ನನಗೆ ಆಗ ಹೊಳೆಯಲಿಲ್ಲ.

ಇನ್ನು ಬೆಲೆಗಳ ವಿಚಾರ. 2009ರಿಂದ 2014ರವರೆಗಿನ ವರ್ಷಗಳು ನಮ್ಮ ದೇಶದಲ್ಲಿ ಬೆಲೆಯೇರಿಕೆಯ ವರ್ಷಗಳು. ವರ್ಷಕ್ಕೆ ಶೇಕಡ 9ರಂತೆ ಎಂದೇ ಇಟ್ಟುಕೊಂಡರೂ 2014ರ 1,200 ರೂಪಾಯಿ 2009ರ 780 ರೂಪಾಯಿಗೆ ಸಮ. ಎಂದರೆ ನಾನು ದರವನ್ನು ಸ್ಥಿರವಾಗಿಟ್ಟಿರಲಿಲ್ಲ. ವರ್ಷವರ್ಷವೂ ಇಳಿಸುತ್ತ ಬಂದಿದ್ದೆ. ದರ ಏರಿಸದಿರುವುದು ಏನನ್ನೂ ಮಾಡದೆ ಸುಮ್ಮನಿರುವುದು ಎಂಬ ಭ್ರಮೆ ಮನೆಯಲ್ಲಿ ಕುಳಿತು ಸಣ್ಣ ಉದ್ಯೋಗ ಮಾಡುವ ನಮ್ಮಂಥ ಹೆಂಗಸರಲ್ಲಿ ಬಹಳ. ಹಪ್ಪಳ ಸಂಡಿಗೆ ಮಾಡಿ ಮಾರುವವರು, ಬಟ್ಟೆ ಹೊಲಿಯುವವರು, ಸಂಗೀತ ಪಾಠ ಹೇಳುವವರು, ಎಲ್ಲರನ್ನೂ ಸೇರಿಸಿ ಹೇಳುತ್ತಿದ್ದೇನೆ.

2014ರ ಹೊತ್ತಿಗೆ ಆಯಾಗೆ 4,000 ಕೊಡುತ್ತಿದ್ದೆ; ಸಾಮಾನಿಗೆ 3,800 ಆಗುತ್ತಿತ್ತು. ನನಗೆ ಉಳಿಯುತ್ತಿದ್ದದ್ದು 1,800. ಆ ಆಗಸ್ಟಿನಲ್ಲಿ ಆಯಾ ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬಾಗಿಲ ಬಳಿ ನಿಂತು, "ಅಕ್ಕಾ, ಗಾರ್ಮೆಂಟ್ಸಿನಲ್ಲಿ ಐದೂವರೆ ಸಾವಿರ ಕೊಡ್ತಾರಂತೆ, ಪಿ.ಎಫ್. ಹಿಡೀತಾರಂತೆ. ನೀವು ಅಷ್ಟು ಕೊಟ್ರೆ ನಾನು ಎಲ್ಲಿಗೂ ಹೋಗೋದಿಲ್ಲ" ಎಂದಳು. ಕೊಟ್ಟಿದ್ದರೆ ನನಗೆ ತಿಂಗಳಿಗೆ 300 ರೂಪಾಯಿ ಉಳಿಯುತ್ತಿತ್ತು. ಕೊಡಲಾಗಲಿಲ್ಲ. ಆಕೆ ಹೋದಳು.

ಆಗ ನಮ್ಮಲ್ಲಿ ಒಂದೂವರೆ ವರ್ಷದ ಹೆಣ್ಣುಮಗುವೊಂದಿತ್ತು. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಆಯಾಳ ಕೈತುತ್ತನ್ನೇ ಉಂಡು ಬೆಳೆದದ್ದು. ಆಕೆ ಹೋದ ಮೇಲೆ ಆ ಮಗು ನಾಲ್ಕು ದಿನ ನಮ್ಮ ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು, ಒಳಗೆ ನೋಡುವುದು, ಹಿಂದಿರುಗಿ ಬರುವುದು. ಅದಕ್ಕೆ ಹಣದುಬ್ಬರ ಗೊತ್ತಿಲ್ಲ. ನನಗೆ ಮಾತ್ರ ಆಗ ಅರ್ಥವಾಯಿತು. ನಾನು ತಾಯಂದಿರ ಮೇಲೆ ತೋರಿಸಿದೆನೆಂದುಕೊಂಡ ದಾಕ್ಷಿಣ್ಯದ ಬಾಕಿ ಈ ಮಗುವಿನ ತಟ್ಟೆಯಿಂದ ವಸೂಲಾಗುತ್ತಿತ್ತು.

ಗಾಬರಿಯಲ್ಲಿ ಎರಡನೆಯ ತಪ್ಪು ಮಾಡಿದೆ. ಸೆಪ್ಟೆಂಬರಿನಿಂದ 1,900 ಎಂದುಬಿಟ್ಟೆ. ಒಂದೇ ಏಟಿಗೆ 700 ರೂಪಾಯಿ; ಶೇಕಡ 58. ಬ್ಯಾಂಕಿನಲ್ಲಿ ಕೆಲಸ ಮಾಡುವ ತಂದೆಯೊಬ್ಬರು, "ಏನಮ್ಮಾ, ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ತುಟ್ಟಿಭತ್ಯವೆ?" ಎಂದು ನಕ್ಕರು. ಬ್ಯಾಂಕಿನವರ ತುಟ್ಟಿಭತ್ಯ ಮೂರು ತಿಂಗಳಿಗೊಮ್ಮೆ ಬೆಲೆಸೂಚ್ಯಂಕವನ್ನು ಹಿಂಬಾಲಿಸುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಆ ದಿನವೇ ತಿಳಿದಿದ್ದರೆ ನಾನೂ ನಗುತ್ತಿದ್ದೆ. ಅವರು ಹಣ ಕೊಟ್ಟರು, ಮಗುವನ್ನು ಬಿಡಿಸಲಿಲ್ಲ. ಬಿಡಿಸಿದವರು ಬೇರೆ ಮೂವರು. ಅವರಲ್ಲೊಬ್ಬಾಕೆ ಖಾಸಗಿ ಶಾಲೆಯೊಂದರಲ್ಲಿ 6,000 ಸಂಬಳದ ಉಪಾಧ್ಯಾಯಿನಿ. ಸಂಬಳದ ಮೂರನೆಯ ಒಂದು ಪಾಲು ನನಗೆ ಕೊಟ್ಟು, ಬಸ್ಸಿಗೂ ಕೊಟ್ಟು, ಉಳಿದದ್ದಕ್ಕಾಗಿ ದಿನವೆಲ್ಲ ಗಂಟಲು ಹರಿದುಕೊಳ್ಳುವುದೇಕೆಂದು ಆಕೆಯ ಮನೆಯವರು ಕೇಳಿದರಂತೆ. ಆಕೆ ಕೆಲಸ ಬಿಟ್ಟರು. ಐದು ಮಕ್ಕಳಿಗೆ 1,900ರಂತೆ ನನಗೆ ಬಂದದ್ದು 9,500. ಎಂಟು ಮಕ್ಕಳಿದ್ದಾಗ ಬರುತ್ತಿದ್ದದ್ದಕ್ಕಿಂತ ನೂರು ರೂಪಾಯಿ ಕಡಮೆ.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. 2009ರಿಂದ ವರ್ಷಕ್ಕೆ ಶೇಕಡ 9ರಂತೆ ಏರಿಸಿದ್ದರೆ ದರ 1,308 ಆಗುತ್ತಿತ್ತು, ಅನಂತರ 1,426, 1,554, 1,694. ಐದನೆಯ ಏರಿಕೆಗೆ 1,846. ಮೊದಲ ವರ್ಷ ಕೇಳಬೇಕಾಗಿದ್ದದ್ದು 108 ರೂಪಾಯಿ, ಕೊನೆಯ ವರ್ಷ 152. ನಾನು ಗಾಬರಿಯಿಂದ ಜಿಗಿದು ತಲಪಿದ ಜಾಗಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರಬಹುದಾಗಿತ್ತು. ಆ ಉಪಾಧ್ಯಾಯಿನಿ ಮೊದಲಿಗೇ ಬೇರೆ ಏರ್ಪಾಡು ಮಾಡಿಕೊಳ್ಳುತ್ತಿದ್ದರೋ, ಶಾಲೆಯವರನ್ನು ಕೇಳಿ ಸಂಬಳ ಹೆಚ್ಚಿಸಿಕೊಳ್ಳುತ್ತಿದ್ದರೋ. ಆಲೋಚಿಸಲು ಆಕೆಗೆ ಕಾಲಾವಕಾಶವಾದರೂ ಇರುತ್ತಿತ್ತು. ಮೊದಲ ಐದು ವರ್ಷಗಳಲ್ಲಿ ನಾನು ಕೇಳದೆ ಬಿಟ್ಟ ಮೊತ್ತ ಎಂಟು ಮಕ್ಕಳಿಗೆ ಒಟ್ಟು ಒಂದು ಲಕ್ಷ ಹದಿಮೂರು ಸಾವಿರವನ್ನು ಮೀರಿತು. ಆಯಾ ಕೇಳಿದ್ದು ವರ್ಷಕ್ಕೆ ಹದಿನೆಂಟು ಸಾವಿರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಡಿಯಾರ, ರೇಡಿಯೋ, ಸಿದ್ಧ ಉಡುಪು ಇವೆಲ್ಲ ದುಡಿಮೆಯ ಲೆಕ್ಕದಲ್ಲಿ ವರ್ಷವರ್ಷಕ್ಕೆ ಅಗ್ಗವಾಗುತ್ತಿರುವಾಗ ಮಗು ನೋಡಿಕೊಳ್ಳುವ ಕೆಲಸವೇಕೆ ತುಟ್ಟಿಯಾಗುತ್ತ ಹೋಗಬೇಕು? ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ, ನಾಟಕ ಸಂಗೀತಗಳ ಹಣಕಾಸನ್ನು ಕುರಿತು ಬರೆಯುತ್ತ, ಸೊಗಸಾದ ಉತ್ತರ ಕೊಟ್ಟಿದ್ದಾರೆ. ನಾಲ್ವರು ತಂತಿವಾದ್ಯ ನುಡಿಸುವ ಒಂದು ಕೃತಿಗೆ ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಾಗಿತ್ತೋ ಇಂದೂ ಅಷ್ಟೇ ಬೇಕು. ಅತ್ತ ಕಾರ್ಖಾನೆಯಲ್ಲಿ ಒಬ್ಬನ ಕೈಕೆಳಗೆ ಸಿದ್ಧವಾಗುವ ಸಾಮಾನು ಎಷ್ಟೋ ಪಟ್ಟು ಹೆಚ್ಚಿದೆ. ಆದ್ದರಿಂದ ಅವನ ಸಂಬಳವೂ ಏರಿದೆ. ವಾದ್ಯಗಾರನೂ ಅದೇ ಪೇಟೆಯಲ್ಲಿ ಅಕ್ಕಿ ಕೊಳ್ಳಬೇಕಲ್ಲವೆ? ಅವನ ಸಂಬಳವನ್ನು ಏರಿಸದಿದ್ದರೆ ಅವನು ಪಿಟೀಲನ್ನು ಗೋಡೆಗೆ ನೇತುಹಾಕಿ ಕಾರ್ಖಾನೆಗೆ ಹೋಗುತ್ತಾನೆ. ನಮ್ಮ ಆಯಾ ಮಾಡಿದ್ದು ಇದನ್ನೇ. ಗಾರ್ಮೆಂಟ್ಸಿನಲ್ಲಿ ಹೊಸ ಹೊಲಿಗೆಯಂತ್ರ ಬಂದರೆ ಗಂಟೆಗೆ ಇನ್ನಷ್ಟು ಅಂಗಿಗಳು ಸಿದ್ಧವಾಗುತ್ತವೆ. ಮಗುವಿಗೆ ಅನ್ನ ಉಣ್ಣಿಸಲು ನಮ್ಮ ಅಜ್ಜಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ನನಗೂ ಅರ್ಧ ಗಂಟೆ ಹಿಡಿಯುತ್ತದೆ. ಚಂದ್ರನಿಲ್ಲದ ದಿನ ಇನ್ನೂ ಹೆಚ್ಚು.

ಹೂವಿನವಳ ಮೊಳ ನಮಗೂ ಇಲ್ಲದಿಲ್ಲ. ಎಂಟು ಮಕ್ಕಳ ಜಾಗದಲ್ಲಿ ಹದಿನಾಲ್ಕು ಮಕ್ಕಳನ್ನು ತುಂಬಿದರೆ ದರ ಏರಿಸದೆಯೇ ಆದಾಯ ಏರುತ್ತದೆ. ಕೆಲವರು ಹಾಗೆ ಮಾಡುತ್ತಾರೆ. ಆಗ ಉಣ್ಣಿಸುವ ಅರ್ಧ ಗಂಟೆ ಹತ್ತು ನಿಮಿಷವಾಗುತ್ತದೆ, ಒದ್ದೆ ಚಡ್ಡಿ ಒದ್ದೆಯಾಗಿಯೇ ಉಳಿಯುತ್ತದೆ, ಟಿ.ವಿ. ಆಯಾ ಆಗುತ್ತದೆ. ಕಡಮೆ ದರದ ಮನೆಯನ್ನು ಹುಡುಕುವ ತಂದೆತಾಯಿಯರು ದರದ ಜೊತೆಗೆ ಮಕ್ಕಳ ಸಂಖ್ಯೆಯನ್ನೂ ಕೇಳಬೇಕೆಂದು ನನ್ನ ವಿನಂತಿ.

ಸರ್ಕಾರಗಳು ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಊರೂರಿನಲ್ಲೂ ಇವೆ. ಆದರೆ ಅವು ಕೆಲವೇ ಗಂಟೆ ನಡೆಯುವಂಥವು, ಸಂಜೆಯ ತನಕ ದುಡಿಯುವ ತಾಯಿಗೆ ಸಾಲವು. 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿಯಾಗಿ ರಜೆ 26 ವಾರಗಳಿಗೆ ಏರಿತು. ಐವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಕರ್ಯ ಒದಗಿಸಬೇಕೆಂದಾಯಿತು. 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆ ಘೋಷಿಸಿತು, ಹೆಸರಿಟ್ಟವರಿಗೆ ನಮಸ್ಕಾರ. ಆದರೆ ನಗರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗಿ, ಹತ್ತು ಜನರ ಶಾಲೆಯ ಉಪಾಧ್ಯಾಯಿನಿ ಇವರು ಈ ಯಾವ ಬಲೆಗೂ ಸಿಕ್ಕದೆ ನಮ್ಮಂಥವರ ಬಾಗಿಲಿಗೆ ಬರುತ್ತಾರೆ. ಆಯಾಗೆ ನ್ಯಾಯವಾಗಿ ಸಲ್ಲಬೇಕಾದದ್ದಕ್ಕೂ ಆ ಹುಡುಗಿ ಕೊಡಬಲ್ಲದ್ದಕ್ಕೂ ನಡುವೆ ಒಂದು ಕಂದಕವಿದೆ. ಅದನ್ನು ಒಬ್ಬ ಗೃಹಿಣಿಯ ದಾಕ್ಷಿಣ್ಯದಿಂದ ತುಂಬಲು ಹೊರಟರೆ ಏನಾಗುತ್ತದೆಂಬುದನ್ನು ಆಗಲೇ ಹೇಳಿದೆ.

ಈಗ ನಾನು ನಡೆಸುತ್ತಿರುವ ಕ್ರಮ ಹೀಗಿದೆ. ಕರ್ನಾಟಕದಲ್ಲಿ ಮನೆಗೆಲಸದವರನ್ನು 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದರು. ಬೆಲೆಸೂಚ್ಯಂಕಕ್ಕೆ ತಕ್ಕಂತೆ ಆ ವೇತನದ ತುಟ್ಟಿಭತ್ಯವನ್ನು ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಿಸುತ್ತಾರೆ. ನಮ್ಮ ಈಗಿನ ಆಯಾಳ ಸಂಬಳ ಅದೇ ದಿನ ಏರುತ್ತದೆ. ಮಕ್ಕಳ ದರ ಏರುವುದು ಜೂನಿನಲ್ಲಿ; ದೊಡ್ಡ ಮಕ್ಕಳು ಶಾಲೆಗೆ ಹೋಗಿ ಹೊಸಬರು ಬರುವ ಕಾಲವದು. ನಡುವಿನ ಎರಡು ತಿಂಗಳ ನಷ್ಟ ನನ್ನದು. ಮಾರ್ಚಿಯಲ್ಲೇ ಪತ್ರ ಕೊಡುತ್ತೇನೆ. ಏರಿಕೆ ಸಾಮಾನ್ಯವಾಗಿ ಶೇಕಡ ಐದಕ್ಕೆ ಕಡಮೆಯಿಲ್ಲ, ಹತ್ತನ್ನು ಮುಟ್ಟುವುದಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಸ್ವಲ್ಪ ಹೆಚ್ಚು ದರ. ಏಕೆಂದರೆ ಅಂಥ ನಾಲ್ಕು ಕೂಸುಗಳಿದ್ದರೆ ಒಬ್ಬರ ಎರಡು ಕೈಗಳೂ ಮುಗಿದುಹೋಗುತ್ತವೆ. 2014ರ 1,900 ರೂಪಾಯಿ 2024ರ ಜೂನಿನಲ್ಲಿ 3,100 ಆಯಿತು. ನಡುವೆ 2020 ಮತ್ತು 2021ರಲ್ಲಿ ಏರಿಸಲಿಲ್ಲ. ಕೊರೊನಾದ ದೆಸೆಯಿಂದ ಮನೆ ಬಹುಕಾಲ ಮುಚ್ಚಿಯೇ ಇತ್ತು. ಆಗ ಮಗುವನ್ನು ಕಳುಹಿಸದೆಯೂ ಆಯಾಳ ಹೆಸರಿನಲ್ಲಿ ಅರ್ಧ ದರ ಕಳುಹಿಸುತ್ತಿದ್ದ ಮೂರು ಮನೆಗಳಿದ್ದವು. ತುಟ್ಟಿಭತ್ಯದ ಮಾತಾಡಿದ ಬ್ಯಾಂಕಿನ ಆ ಮಹನೀಯರ ಎರಡನೆಯ ಮಗು ಆಗ ನಮ್ಮಲ್ಲಿತ್ತು. ಮೂರರಲ್ಲಿ ಅವರದೂ ಒಂದು ಮನೆ.

ಪತ್ರದ ವಿಚಾರ ಒಂದು ಮಾತು. 2016ರಲ್ಲಿ ಮೊದಲ ಪತ್ರ ಬರೆದಾಗ ಅದು ಎರಡು ಪುಟವಾಗಿತ್ತು. ಬೇಳೆಯ ಬೆಲೆ, ನೀರಿನ ಕಂದಾಯ, ಯಜಮಾನರ ಮಂಡಿನೋವು ಎಲ್ಲ ಅದರಲ್ಲಿದ್ದವು. ಮಗಳು ಓದಿ, "ಅಮ್ಮಾ, ಇದು ದರದ ಪತ್ರವೋ ಕ್ಷಮಾಪಣೆಯ ಪತ್ರವೋ?" ಎಂದಳು. ಹರಿದು ಮತ್ತೆ ಬರೆದೆ. "ಜೂನ್ 1ರಿಂದ ತಿಂಗಳ ದರ 2,000 ರೂಪಾಯಿ. ಆಯಾಳ ಸಂಬಳ ಮತ್ತು ಸಾಮಾನಿನ ಬೆಲೆ ಏರಿರುವುದೇ ಕಾರಣ. ತೊಂದರೆಯಿರುವವರು ಏಪ್ರಿಲ್ ಒಳಗೆ ನನ್ನೊಡನೆ ಮಾತನಾಡಬಹುದು." ಮೂರೇ ವಾಕ್ಯ. ಇಂದಿಗೂ ಅಂಕಿಯ ಹೊರತು ಅದರಲ್ಲಿ ಬದಲಾವಣೆಯಿಲ್ಲ.

ಮೂರನೆಯ ವಾಕ್ಯವನ್ನು ಉಪಚಾರಕ್ಕೆಂದು ಬರೆದದ್ದಲ್ಲ. ಎಂಟು ಜಾಗಗಳಲ್ಲಿ ಒಂದನ್ನು ಅರ್ಧ ದರಕ್ಕೆಂದು ಮೊದಲೇ ಲೆಕ್ಕದಲ್ಲಿ ತೆಗೆದಿರಿಸುತ್ತೇನೆ. ಉಳಿದ ಏಳು ದರಗಳನ್ನು ಗೊತ್ತುಮಾಡುವಾಗಲೇ ಆ ಅರ್ಧ ಅವುಗಳಲ್ಲಿ ಹಂಚಿಹೋಗಿರುತ್ತದೆ. ದಾಕ್ಷಿಣ್ಯಕ್ಕೂ ಪುಸ್ತಕದಲ್ಲಿ ಒಂದು ಕಲಮು ಇರಲಿ ಎಂದು. ಮಾರ್ಚಿಯ ಕೊನೆಯ ಶನಿವಾರ ಪತ್ರಗಳನ್ನು ಮಡಿಸಿ ಮಕ್ಕಳ ಚೀಲಗಳಲ್ಲಿ, ಊಟದ ಡಬ್ಬಿಯ ಕೆಳಗೆ ಇಡುತ್ತೇನೆ. ಎಂಟರಲ್ಲಿ ಒಂದರ ಅಂಕಿ ಬೇರೆ. ಅದು ಯಾವ ಚೀಲಕ್ಕೆ ಹೋಗುತ್ತದೆಂಬುದು ಆಯಾಗೂ ಗೊತ್ತಿಲ್ಲ.